ಭಾನುವಾರ, ಎರಡರಿಂದ ನಾಲ್ಕು

ದಲಾಲಿ ಬೇಡ ಅಂದೆ.
ನೂರಕ್ಕೆ ಐದು ಕೊಟ್ಟು
ಒಂದು ರಾತ್ರಿಯೂ ಇಲ್ಲಿ ಮಲಗದವನ ಬಾಯಲ್ಲಿ
ಮನೆಯನ್ನು ಹೊಗಳಿಸುವುದು ಯಾಕೆ?
ಕೆಂಪು ಫಲಕ ನಾನೇ ತಂದು
ಹಿಮದ ಗುಡ್ಡೆಗೆ ಸುತ್ತಿಗೆಯಲ್ಲಿ ಹೊಡೆದು ನಿಲ್ಲಿಸಿದೆ.
ಮಾರ್ಚ್ ತಿಂಗಳು, ರಿಮುಸ್ಕಿಯಲ್ಲಿ ನೆಲ ಇನ್ನೂ ಕಲ್ಲು.
ಫಲಕ ತುಸು ನದಿಯ ಕಡೆಗೆ ವಾಲಿದೆ.

ತಂಗಿ ಫೋನಿನಲ್ಲಿ ಕಲಿಸಿದ್ದಳು:
ಗಿಲೇನ್, ಫೋಟೊ ಎಲ್ಲ ತೆಗೆದಿಡು,
ಬೆಕ್ಕನ್ನು ಕಾರಿನಲ್ಲಿ ಕೂಡಿಹಾಕು,
ದಾಲ್ಚಿನ್ನಿ ಹಾಕಿ ಸೇಬು ಬೇಯಿಸು, ಘಮ ಬರಲಿ,
ಕೇಳಿದ್ದಕ್ಕಷ್ಟೇ ಉತ್ತರ ಕೊಡು.
ಬಾಯಿ ಬಿಟ್ಟರೆ ಬಣ್ಣಗೇಡು.

ಸೇಬು ಒಲೆಗಿಟ್ಟೆ. ಫೋಟೊ ತೆಗೆದೆ.
ಗೋಡೆಯಲ್ಲಿ ಚೌಕ ಚೌಕವಾಗಿ ಉಳಿದ ಹಳೆಯ ಬಣ್ಣ,
ಅದರ ಮೇಲೂ ಬಿಳಿ ಬಳಿದೆ, ಎರಡು ಸಲ.
ಬೆಕ್ಕು ಸಿಗಲಿಲ್ಲ.
ಎಲ್ಲಿರುತ್ತದೆಂದು ಗೊತ್ತಿತ್ತು,
ಹೋಗಿ ಕೇಳುವಂತಿರಲಿಲ್ಲ.

ಮೊದಲು ಬಂದವರು ಎಳೆ ಗಂಡಹೆಂಡಿರು.
ಒದ್ದೆ ಬೂಟು ಪತ್ರಿಕೆಯ ಮೇಲೆ ಬಿಚ್ಚಿಟ್ಟು
ಚರ್ಚಿಗೆ ತಡವಾಗಿ ಬಂದವರ ಹಾಗೆ
ಕಾಲುಚೀಲದಲ್ಲಿ ಪಿಸುಗುಡುತ್ತ ನಡೆದರು.
ಅವನು ಹೀಟರ್ ಮುಟ್ಟಿದ, ನಲ್ಲಿ ತಿರುಗಿಸಿದ,
ನನ್ನ ಮಲಗುವ ಕೋಣೆಯಲ್ಲಿ ಟೇಪು ಹಿಡಿದು
ತಮ್ಮ ಮಂಚ ಹಿಡಿಸುವುದೇ ಎಂದು ನೋಡಿದ.
"ಈ ಗೋಡೆ ಒಡೆಯಬಹುದಾ?" ಅಂದಳು ಆಕೆ.
ಒಡೆಯಬಹುದು, ಅಂದೆ, ಭಾರ ಹೊತ್ತ ಗೋಡೆಯಲ್ಲ.
ರೆಜಾಂ ಹನ್ನೊಂದು ತಿಂಗಳು
ಅದಕ್ಕೇ ಒರಗಿ ಕೂತಿದ್ದ ಎನ್ನುವುದನ್ನು
ಅವಳು ಕೇಳಿರಲಿಲ್ಲ.

ನೆಲಮಾಳಿಗೆಯಲ್ಲಿ ಮಾತ್ರ ತಡೆಯಲಾಗಲಿಲ್ಲ.
ಏಪ್ರಿಲಿನಲ್ಲಿ ನೀರು ಏಳುತ್ತೆ, ಅಂದೆ,
ಸಾಮಾನ್ಯವಾಗಿ ಎರಡು ಬೆರಳು, ಒಮ್ಮೆ ಮೊಣಕಾಲು.
ಪಂಪು ಹೊಸದು, ಆದರೆ ರಾತ್ರಿ ಕೆಮ್ಮುತ್ತೆ.
ಮುಖ ಮುಖ ನೋಡಿಕೊಂಡರು.
ಬಿಚ್ಚಿದ್ದಕ್ಕಿಂತ ಬೇಗ ಬೂಟು ಏರಿದವು.

ಆಮೇಲೊಬ್ಬ ಹುಡುಗ, ಗ್ಯಾರೇಜು ನೋಡಿ ಹೋದ.
ಒಬ್ಬಾಕೆ ಕೋಣೆಗಳನ್ನು ನೋಡಲೇ ಇಲ್ಲ,
ಸೇಬಿಗೆ ಎಷ್ಟು ಸಕ್ಕರೆ ಎಂದು ಕೇಳಿ ಬರೆದುಕೊಂಡಳು.

ನಾಲ್ಕಕ್ಕೆ ಐದು ನಿಮಿಷ.
ಬಾಗಿಲಲ್ಲಿ ಫೆರ್ನಾಂ. ಬೇಲಿಯಾಚೆಯ ಫೆರ್ನಾಂ.
ಒಂದು ಮೇಪಲ್ ಮರ ಯಾರದೆಂದು
ತೊಂಬತ್ತಾರರಲ್ಲಿ ಮಾತು ಬಿಟ್ಟವನು.
ಮರ ಒಣಗಿ ಉರುಳಿ ಹತ್ತು ವರ್ಷ,
ಜಗಳ ಮಾತ್ರ ಪ್ರತಿ ವಸಂತ ಚಿಗುರುತ್ತಿತ್ತು.
ಗಡ್ಡ ಹೆರೆದಿದ್ದ. ಇಸ್ತ್ರಿ ಮಾಡಿದ ಅಂಗಿ.
"ಯಾರು ಬೇಕಾದರೂ ನೋಡಬಹುದು ಅಂತ ಬರೆದಿದೆ," ಅಂದ.
"ಕೊಳ್ತೀರಾ?"
"ನೋಡ್ತೀನಿ."

ಎಲ್ಲರಿಗೂ ತೋರಿಸಿದ ಹಾಗೇ ತೋರಿಸಿದೆ.
ಇದು ಹಾಲ್, ಇದು ಕಟ್ಟಿಗೆ ಒಲೆ,
ಮೂರನೇ ಮೆಟ್ಟಿಲು ಕಿರುಗುಟ್ಟುತ್ತೆ.
ಕೈ ಹಿಂದೆ ಕಟ್ಟಿಕೊಂಡು
ಶಾಲಾ ತಪಾಸಣೆಗೆ ಬಂದವನಂತೆ ಹಿಂಬಾಲಿಸಿದ,
ಅಡುಗೆಮನೆಯ ಸಿಂಕಿನ ಮುಂದೆ
ನಿಂತುಬಿಟ್ಟ.

ಕಿಟಕಿಯ ತುಂಬ ಅವನ ಮನೆ.
ಹಚ್ಚಿಟ್ಟೇ ಬಂದ ದೀಪ,
ಒಂದು ಮೇಜು, ಒಂದು ಕುರ್ಚಿ,
ಮುಚ್ಚಳ ತೆಗೆದ ಬಟಾಣಿ ಸೂಪಿನ ಡಬ್ಬಿ,
ಕುರ್ಚಿಯ ಮೇಲೆ ನನ್ನ ಬೆಕ್ಕು.

"ಇಷ್ಟೂ ಕಾಣುತ್ತಾ?"
ಕಾಣುತ್ತೆ, ಅಂದೆ.
"ದಿನಾ ಬರುತ್ತೆ, ನಾನು ಕರೆಯಲ್ಲ."
ಗೊತ್ತು, ಅಂದೆ.

ಮಂಗಳವಾರ ನೀವು ದೀಪ ಹಾಕಲಿಲ್ಲ, ಅಂದೆ.
"ಜ್ವರ," ಅಂದ.
ಒಂಬತ್ತರವರೆಗೆ ಫೋನು ಕೈಯಲ್ಲಿ ಹಿಡಿದು
ಇದೇ ಜಾಗದಲ್ಲಿ ನಿಂತಿದ್ದೆ
ಎನ್ನಲಿಲ್ಲ. ಅವನು ಕೇಳಿರಲಿಲ್ಲವಲ್ಲ.

ಬೆಲೆ ಕೇಳಿದ. ಹೇಳಿದೆ. ಜಾಸ್ತಿ, ಅಂದ.
ಹೊರಡಲಿಲ್ಲ.
ಕಿಟಕಿಯಾಚೆ ಬೆಕ್ಕು ಮೈ ನೆಕ್ಕಿಕೊಂಡು
ಮೇಜಿಗೆ ಹಾರಿ ಡಬ್ಬಿಗೆ ಮೂತಿ ಹಾಕಿತು.
"ಮನೆ ಹೋದರೆ," ಅಂದ ಗಾಜಿನ ಕಡೆಗೇ ನೋಡುತ್ತ,
"ಅದೂ ನಿಮ್ಮ ಜೊತೆ ಹೋಗುತ್ತಾ?"

ನಾಲ್ಕು ಹೊಡೆದು ಎಷ್ಟೋ ಹೊತ್ತಾಗಿತ್ತು.
ಕೇಳಿದ್ದಕ್ಕೆ ಉತ್ತರ ಕೊಡಬೇಕಿತ್ತು.
ಒಲೆಯ ಮೇಲೆ ಸೇಬು
ತಳ ಹಿಡಿಯುತ್ತಿತ್ತು.